ದೂರು ಪೇಷೆಂಟಿನದು, ತೀರ್ಪು ನಮ್ಮವರದೇ: ದಂತವೈದ್ಯರ ಪೀರ್ ರಿವ್ಯೂ ಎಷ್ಟು ಸರಿ?

ಬೇರುನಾಳ

ವೃತ್ತಿ ಸಂಘದ ದೂರು ಸಮಿತಿಗೆ ಬನ್ನಿ ಅಂತ ನನಗೆ ಕರೆ ಬಂದಿದೆ. ಪೇಷೆಂಟುಗಳು ದಂತವೈದ್ಯರ ಮೇಲೆ ಕೊಟ್ಟ ದೂರನ್ನು ದಂತವೈದ್ಯರೇ ಕೂತು ನೋಡುವ ಪೀರ್ ರಿವ್ಯೂ ಸಮಿತಿ. ಹೂಂ ಅನ್ನೋ ಮೊದಲು ಇಲ್ಲಿ ನಾಲ್ಕು ಜನರನ್ನು ಕೇಳೋಣ ಅನ್ನಿಸಿತು.

ಪದ್ಧತಿ ಹೇಗೆ ಅಂತ ತಿಳಿಯಲು ಒಂದು ಮುಗಿದ ಪ್ರಕರಣವನ್ನು ಓದಲು ಕೊಟ್ಟಿದ್ದರು, ಹೆಸರು ಗುರುತೆಲ್ಲ ಅಳಿಸಿ. ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್. ಕೆಲಸದ ನಡುವೆ ಫೈಲ್, ಅಂದರೆ ಬೇರಿನ ನಾಳ ಉಜ್ಜುವ ಸೂಜಿಯಂಥ ಉಪಕರಣ, ಮುರಿದು ತುದಿ ಬೇರಿನೊಳಗೇ ಉಳಿದಿದೆ. ವೈದ್ಯರು ಅದರ ಮೇಲೆಯೇ ತುಂಬಿಸಿ, ಕ್ಯಾಪ್ ಕೂರಿಸಿ ಕಳಿಸಿದ್ದಾರೆ. ಪೇಷೆಂಟಿಗೆ ಹೇಳಿಲ್ಲ, ಕೇಸ್ ಶೀಟಿನಲ್ಲೂ ಬರೆದಿಲ್ಲ. ಮುಂದೆ ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ಬಯಲಾಗಿ ದೂರು ಬಂತು. ದೂರಿನಲ್ಲಿ ಬರೆದಿದ್ದು ಇಷ್ಟೇ: ‘ಕೆಲಸ ಸರಿಯಾಗಿ ಮಾಡಿಲ್ಲ’.

ಸಮಿತಿ ಏನು ಹೇಳಿತು? ಫೈಲ್ ಮುರಿಯುವುದು ಯಾರ ಕೈಯಲ್ಲೂ ಆಗಬಹುದು. ಬೇರಿನ ತುದಿಯಲ್ಲಿ ಸೋಂಕು ಕಾಣುತ್ತಿಲ್ಲ. ತುಂಬಿಸಿದ್ದು ಒಪ್ಪುವಂತಿದೆ. ಚಿಕಿತ್ಸೆ ಸ್ವೀಕಾರಾರ್ಹ, ದೂರು ವಜಾ. ಮುಚ್ಚಿಟ್ಟದ್ದರ ಬಗ್ಗೆ ಒಂದು ಸಾಲೂ ಇಲ್ಲ. ಕೇಳಿದರೆ, ‘ನಾವು ನೋಡೋದು ಕೆಲಸದ ಗುಣಮಟ್ಟ ಮಾತ್ರ, ಉಳಿದದ್ದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರು.

ತಾಂತ್ರಿಕವಾಗಿ ತೀರ್ಮಾನ ಸರಿ ಇರಬಹುದು. ಆದರೆ ಅದರ ಕೆಳಗೆ ನಾನು ಸಹಿ ಹಾಕಬಲ್ಲೆನಾ ಅನ್ನೋದೇ ಪ್ರಶ್ನೆ.

ಕ್ರೌನ್‌ಬ್ರಿಡ್ಜ್

ಡಾಕ್ಟ್ರೇ, ವ್ಯಾಪ್ತಿ ಅನ್ನೋದು ಸುಮ್ಮನೆ ಎಳೆದ ಗೆರೆ ಅಲ್ಲ. ನಾನು ಇಂಥ ಸಮಿತಿಯಲ್ಲಿ ಬಹಳ ಕಾಲ ಇದ್ದವನು. ಬರುವ ದೂರುಗಳಲ್ಲಿ ಹೆಚ್ಚಿನವು ಏನು ಗೊತ್ತಾ? ಕೆಳಗಿನ ಹಲ್ಲುಸೆಟ್ಟು ಅಲುಗಾಡುತ್ತೆ. ಕ್ಯಾಪಿನ ಬಣ್ಣ ಪಕ್ಕದ ಹಲ್ಲಿಗೆ ಹೊಂದಲ್ಲ. ಬ್ರಿಡ್ಜ್ ಅಡಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ. ಇದಕ್ಕೆಲ್ಲ ಕೋರ್ಟಿಗೆ ಹೋದರೆ ವಕೀಲರ ಫೀಸೇ ಸೆಟ್ಟಿನ ಬೆಲೆ ದಾಟುತ್ತೆ.

ಸಮಿತಿಯ ಮುಂದೆ ಪೇಷೆಂಟ್ ಬಾಯಿ ತೆರೆದು ತೋರಿಸ್ತಾರೆ, ಮೂವರು ನೋಡ್ತಾರೆ. ಕ್ಯಾಪಿನ ಅಂಚು ಸರಿ ಕೂತಿಲ್ಲ ಅಂದರೆ ಹಲ್ಲು ಪರೀಕ್ಷಿಸುವ ಮೊನಚು ಕಡ್ಡಿ (ಪ್ರೋಬ್) ಅಲ್ಲೇ ತಡೆಯುತ್ತೆ, ವಾದಕ್ಕೆ ಜಾಗವೇ ಇಲ್ಲ. ದುಡ್ಡು ವಾಪಸ್ ಕೊಡಿಸ್ತೀವಿ. ಪೇಷೆಂಟಿಗೆ ಹಣ ಬಂತು, ವೈದ್ಯರಿಗೆ ಪಾಠ ಆಯ್ತು. ಎಕ್ಸ್‌ರೇ ಓದಲು ಬರುವವರು ಬಿಟ್ಟು ಇನ್ಯಾರು ಇದನ್ನು ಮಾಡಬೇಕು?

ಸಮಿತಿ ಎಲ್ಲದಕ್ಕೂ ಕೈ ಹಾಕಿದರೆ ಯಾವ ವೈದ್ಯರೂ ಅದರ ಮುಂದೆ ಬರಲ್ಲ. ಬರುವುದು ಅವರ ಇಷ್ಟ, ಕಡ್ಡಾಯ ಅಲ್ಲ ಅನ್ನೋದನ್ನು ಮರೀಬೇಡಿ.

ಎಡಗೆನ್ನೆ

ನಾನು ಡಾಕ್ಟರ್ ಅಲ್ಲ, ದೂರು ಕೊಟ್ಟವಳು. ಕೆಳಗಿನ ಬುದ್ಧಿಹಲ್ಲು ಕೀಳಿಸಿದ ಮೇಲೆ ತುಟಿ, ಗದ್ದ ಒಂದು ಬದಿ ಜೋಮು. ಲಿಪ್‌ಸ್ಟಿಕ್ ಎಲ್ಲಿ ಮುಗಿಯಿತು ಅಂತ ಕನ್ನಡಿ ನೋಡದೆ ಗೊತ್ತಾಗಲ್ಲ. ಯಾವ ಸಮಿತಿ ಅಂತ ಹೇಳಲ್ಲ.

ಅವರ ತೀರ್ಮಾನ: ‘ನರಕ್ಕೆ ಪೆಟ್ಟಾಗುವುದು ಈ ಚಿಕಿತ್ಸೆಯಲ್ಲಿ ಗೊತ್ತಿರುವ ಅಪಾಯ’. ಯಾರಿಗೆ ಗೊತ್ತಿತ್ತು? ನನಗಂತೂ ಯಾರೂ ಹೇಳಿರಲಿಲ್ಲ.

ಇನ್ನೊಂದು. ನನ್ನ ಬಾಯಿ ಪರೀಕ್ಷಿಸಿದವರು ನನಗೆ ಹಲ್ಲು ಕಿತ್ತವರನ್ನು ಏಕವಚನದಲ್ಲಿ ಮಾತಾಡಿಸಿದರು, ‘ಬಾರೋ, ಕೂತ್ಕೋ’ ಅಂತ. ನನಗೆ ‘ನೋಡಿ ಅಮ್ಮಾ’. ಆಮೇಲೆ ನಡೆದಿದ್ದೆಲ್ಲ ನಿಷ್ಪಕ್ಷಪಾತವಾಗಿಯೇ ನಡೆದಿರಬಹುದು. ನಾನು ನಂಬಬೇಕಾ?

ಗಾದೆಮಾತು

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕ್ರೌನ್‌ಬ್ರಿಡ್ಜ್

@ಗಾದೆಮಾತು ಬೇಲಿ ತೆಗೆದರೆ ಹೊಲ ಉಳಿಯುತ್ತಾ? ಗಾದೆ ಬಿಟ್ಟು ಉಪಾಯ ಹೇಳಿ.

@ಎಡಗೆನ್ನೆ ಮೇಡಂ, ಅವರು ಹಾಗೆ ಮಾತಾಡಿಸಿದ್ದು ತಪ್ಪು. ನಮ್ಮಲ್ಲಿ ಜೊತೆಗೆ ಓದಿದವರು, ಒಂದೇ ಊರಿನಲ್ಲಿ ಪ್ರಾಕ್ಟೀಸ್ ಮಾಡುವವರು ಸಮಿತಿಯಿಂದ ಹೊರಗೆ ಕೂರಬೇಕು ಅಂತ ನಿಯಮ ಇತ್ತು.

ಮೈಕ್ರೋಸ್ಕೋಪು

ಜೊತೆಗೆ ಓದಿದವರು ಅನ್ನೋದು ಸುಲಭದ ನಿಯಮ. ಯಾರೂ ಬರೆಯದ ನಿಯಮ ಒಂದಿದೆ. ನಾನು ರೂಟ್ ಕೆನಾಲ್ ಮಾತ್ರ ಮಾಡುವ ಎಂಡೋಡಾಂಟಿಸ್ಟ್. ನನಗೆ ಪೇಷೆಂಟುಗಳು ನೇರವಾಗಿ ಬರುವುದು ಕಡಿಮೆ, ಜನರಲ್ ಪ್ರಾಕ್ಟೀಸ್ ಮಾಡುವವರು ಕಳಿಸಬೇಕು. ದೂರಿಗೆ ಒಳಗಾಗುವವರೂ ಬಹುತೇಕ ಅವರೇ. ಅಂದರೆ ನಾನು ಯಾರ ಕೆಲಸವನ್ನು ಕೆಟ್ಟದ್ದು ಅಂತ ಬರೆಯಬೇಕೋ ಅವರೇ ನನ್ನ ಕ್ಲಿನಿಕ್ ನಡೆಸುವವರು. ದವಡೆ ಸರ್ಜನ್ನುಗಳ ಕಥೆಯೂ ಇದೇ.

ತಜ್ಞರು ಬೇಕು ಅಂತ ತಜ್ಞರನ್ನೇ ಸಮಿತಿಗೆ ಹಾಕ್ತಾರೆ. ಆದರೆ ಎಲ್ಲರಿಗಿಂತ ಹೆಚ್ಚು ಹಂಗಿನಲ್ಲಿ ಇರೋದು ಈ ತಜ್ಞರೇ. ‘ಇವರಿಂದ ನಿಮಗೆ ಕೇಸ್ ಬರುತ್ತಾ?’ ಅಂತ ಯಾವ ಫಾರ್ಮಿನಲ್ಲೂ ಕೇಳಿದ್ದು ನಾನು ನೋಡಿಲ್ಲ.

ಕಡತದಲ್ಲಿ

ವಕೀಲ ನಾನು. ಎಲ್ಲರೂ ಪಕ್ಷಪಾತ ಅಂದರೆ ವೈದ್ಯರನ್ನು ಉಳಿಸುವುದು ಅಂದುಕೊಂಡಿದ್ದೀರಿ. ಅದರ ಉಲ್ಟಾನೂ ಇದೆ.

ಅಮೆರಿಕದ ಆಸ್ಟೋರಿಯಾ ಅನ್ನುವ ಸಣ್ಣ ಊರು, ಇದ್ದದ್ದು ಒಂದೇ ಆಸ್ಪತ್ರೆ. ಅಲ್ಲಿನ ವೈದ್ಯರಲ್ಲಿ ಹೆಚ್ಚಿನವರು ಒಂದೇ ಕ್ಲಿನಿಕ್ಕಿಗೆ ಸೇರಿದವರು. ಪ್ಯಾಟ್ರಿಕ್ ಅನ್ನುವ ಸರ್ಜನ್ ಆ ಕ್ಲಿನಿಕ್ಕಿನ ಪಾಲುದಾರಿಕೆ ಬೇಡ ಅಂದು ತನ್ನದೇ ಪ್ರಾಕ್ಟೀಸ್ ಶುರು ಮಾಡಿದರು. ಮುಂದೆ ಆಸ್ಪತ್ರೆಯ ಪೀರ್ ರಿವ್ಯೂ ಅವರನ್ನೇ ಹೊರಹಾಕಲು ಹೊರಟಿತು. ಗುಣಮಟ್ಟದ ಹೆಸರಿನಲ್ಲಿ ನಡೆದಿದ್ದು ಪೈಪೋಟಿಯ ಕಾಳಗ ಅಂತ ಪ್ಯಾಟ್ರಿಕ್ ಕೋರ್ಟಿಗೆ ಹೋದರು, ಜ್ಯೂರಿ ಅವರ ಪರ ನಿಂತಿತು. ರಾಜ್ಯದ ಕಾನೂನೇ ಪೀರ್ ರಿವ್ಯೂ ಮಾಡಿ ಅನ್ನುತ್ತದೆ, ಹಾಗಾಗಿ ನಮಗೆ ರಕ್ಷಣೆ ಇದೆ ಅನ್ನುವ ಎದುರುಪಕ್ಷದ ವಾದವನ್ನು 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಪ್ಯಾಟ್ರಿಕ್ ವರ್ಸಸ್ ಬರ್ಗೆಟ್ ಅಂತ ಕೇಸಿನ ಹೆಸರು. ಅದು ಹಲ್ಲಿನ ಕೇಸ್ ಅಲ್ಲ, ನಿಜ. ಆದರೆ ಒಂದೇ ಬೀದಿಯ ಎರಡು ಡೆಂಟಲ್ ಕ್ಲಿನಿಕ್ಕುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ಲವೇ?

ಇನ್ನು ‘ಗೊತ್ತಿರುವ ಅಪಾಯ’ದ ವಿಷಯ. ಇಂಗ್ಲೆಂಡಿನ 1957ರ ಬೋಲಂ ಪ್ರಕರಣದಿಂದ ಬಂದ ಅಳತೆಗೋಲು ಇದು: ಅದೇ ವೃತ್ತಿಯ ಜವಾಬ್ದಾರಿಯುತ ಜನರ ಒಂದು ಗುಂಪು ಒಪ್ಪುವ ರೀತಿಯಲ್ಲಿ ಕೆಲಸ ಮಾಡಿದ್ದರೆ ನಿರ್ಲಕ್ಷ್ಯ ಅಲ್ಲ. ಪೀರ್ ರಿವ್ಯೂ ಮನಸ್ಸಿನಲ್ಲಿ ಇಂದಿಗೂ ಓಡುವುದು ಇದೇ. ಆದರೆ ಬ್ರಿಟನ್ನಿನ ನ್ಯಾಯಾಲಯಗಳೇ ಅಲ್ಲಿಗೆ ನಿಲ್ಲಲಿಲ್ಲ. 1997ರ ಬೊಲಿತೊ ಪ್ರಕರಣದಲ್ಲಿ, ಆ ಗುಂಪಿನ ಅಭಿಪ್ರಾಯ ತರ್ಕಕ್ಕೂ ನಿಲ್ಲಬೇಕು ಅಂದರು. 2015ರ ಮಾಂಟ್ಗೊಮರಿ ತೀರ್ಪಿನಲ್ಲಿ, ಅಪಾಯವನ್ನು ಹೇಳಬೇಕಿತ್ತೋ ಇಲ್ಲವೋ ಅನ್ನುವುದನ್ನು ವೈದ್ಯರ ಕಣ್ಣಿನಿಂದ ಅಳೆಯಬಾರದು, ಆ ಪೇಷೆಂಟಿನ ಜಾಗದಲ್ಲಿರುವ ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೆ ಅದು ಮುಖ್ಯ ಅನ್ನಿಸುತ್ತಿತ್ತೇ ಅಂತ ನೋಡಬೇಕು ಅಂದರು.

ಹಾಗಾಗಿ ಹಲ್ಲು ಕಿತ್ತ ಕ್ರಮ ಸರಿಯಿತ್ತೇ ಅನ್ನುವುದಕ್ಕೆ ನಿಮ್ಮ ಸಮಿತಿ ಉತ್ತರ ಕೊಡಬಹುದು. ಹೇಳಬೇಕಿತ್ತೇ ಅನ್ನುವ ಪ್ರಶ್ನೆಗೆ ಬರೀ ದಂತವೈದ್ಯರು ಉತ್ತರ ಕೊಟ್ಟರೆ ಸಾಲದು. ಎಡಗೆನ್ನೆಯವರ ‘ಯಾರಿಗೆ ಗೊತ್ತಿತ್ತು?’ ಅನ್ನುವ ಮಾತು ಕಾನೂನಿನ ಭಾಷೆಯಲ್ಲೂ ಪಕ್ಕಾ ಪ್ರಶ್ನೆ.

ನಿವೃತ್ತ ಮೇಷ್ಟ್ರು

ಪಾಠ ಮಾಡಿದ ಚಟ, ಸ್ವಲ್ಪ ಉದ್ದ ಆಗುತ್ತೆ.

ದುರುದ್ದೇಶ ಇಲ್ಲದವರ ಕಣ್ಣೂ ಮೋಸ ಹೋಗುತ್ತದೆ. 1991ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 112 ಅರಿವಳಿಕೆ ತಜ್ಞರಿಗೆ 21 ಪ್ರಕರಣ ಓದಲು ಕೊಟ್ಟರು. ಒಂದೇ ಪ್ರಕರಣ, ಒಂದೇ ಚಿಕಿತ್ಸೆ. ಕೆಲವರ ಪ್ರತಿಯಲ್ಲಿ ಪೇಷೆಂಟಿಗಾದ ಹಾನಿ ತಾತ್ಕಾಲಿಕ, ಇನ್ನು ಕೆಲವರ ಪ್ರತಿಯಲ್ಲಿ ಶಾಶ್ವತ. ಶಾಶ್ವತ ಅಂತ ಓದಿದವರಿಗೆ ಅದೇ ಚಿಕಿತ್ಸೆ ಕೆಟ್ಟದಾಗಿ ಕಂಡಿತು. ಬೇರುನಾಳ ಹೇಳಿದ ಪ್ರಕರಣದಲ್ಲಿ ನಡೆದಿದ್ದು ಇದರದೇ ಇನ್ನೊಂದು ಮುಖ. ಸೋಂಕಿಲ್ಲ ಅಂತ ಮೊದಲೇ ಗೊತ್ತಿದ್ದರಿಂದ ಮುಚ್ಚಿಟ್ಟದ್ದು ಸಣ್ಣದಾಗಿ ಕಂಡಿತು. ಅದೇ ಹಲ್ಲು ಕೀವು ಕಟ್ಟಿ ಕಿತ್ತುಹಾಕುವ ಹಾಗೆ ಆಗಿದ್ದರೆ ‘ಹೇಳದೇ ಇದ್ದದ್ದು ಮಹಾಪರಾಧ’ ಅಂತ ಇದೇ ಮೂವರು ಬರೆಯುತ್ತಿದ್ದರು.

ಇನ್ನು ದಂತವೈದ್ಯಕೀಯಕ್ಕೇ ಅಂಟಿಕೊಂಡ ತೊಂದರೆ. ಒಂದೇ ಬಾಯಿ ನೋಡಿ ನಾವು ಬೇರೆಬೇರೆ ಮಾತಾಡುತ್ತೇವೆ. 1997ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಒಂದೇ ಬಾಯಿಯನ್ನು, ಅಂದರೆ ತಮ್ಮದನ್ನೇ, 28 ರಾಜ್ಯಗಳ 50 ದಂತವೈದ್ಯರಿಗೆ ತೋರಿಸಿದರು. ಕೆಲವರ ಅಂದಾಜು ಐನೂರು ಡಾಲರಿನ ಸುತ್ತ, ಒಬ್ಬರದು ಮೂವತ್ತು ಸಾವಿರದ ಹತ್ತಿರ. ಅದು ವೈಜ್ಞಾನಿಕ ಅಧ್ಯಯನ ಅಲ್ಲ, ಪತ್ರಿಕೆಯ ವರದಿ. ಆದರೂ ನಮ್ಮ ವೃತ್ತಿಯೊಳಗೆ ಇದ್ದ ಯಾರಿಗೂ ಆಶ್ಚರ್ಯ ಆಗಲಿಲ್ಲ. ಇಷ್ಟು ಅಂತರ ಇರುವ ಕಡೆ ‘ಒಪ್ಪುವ ಹಾಗಿದೆ’ ಅನ್ನುವ ಮಾತಿಗೆ ಅರ್ಥವೇನು? ಸಮಿತಿಗೆ ಯಾವ ಮೂವರು ಸಿಕ್ಕರು ಅನ್ನುವ ಅದೃಷ್ಟದ ಮೇಲೆ ನಿಂತಿದೆ.

ಇದಕ್ಕೆ ಇರುವ ಮದ್ದು ಅರ್ಧಂಬರ್ಧ. ಮೊದಲು ಎಕ್ಸ್‌ರೇ, ಕೇಸ್ ಶೀಟ್ ಮಾತ್ರ ಕೊಡಿ, ಮುಂದೇನಾಯಿತು ಅಂತ ಹೇಳಬೇಡಿ. ಮೂವರೂ ಮಾತಾಡಿಕೊಳ್ಳುವ ಮೊದಲೇ ಬೇರೆಬೇರೆ ಬರೆಯಲಿ. ಅಭಿಪ್ರಾಯ ಒಡೆದರೆ ಒಡೆದಿದೆ ಅಂತಲೇ ತೀರ್ಮಾನದಲ್ಲಿ ಇರಲಿ. ‘ಸರ್ವಾನುಮತ’ ಅಂತ ಬರೆಯುವ ಹುಚ್ಚು ನಮಗೆ ಯಾಕೋ.

ಆ ಕುರ್ಚಿಯಲ್ಲಿದ್ದವನು

ದೂರಿಗೆ ಒಳಗಾದವರ ಕಡೆಯಿಂದಲೂ ಒಬ್ಬ ಮಾತಾಡಲಿ. ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ನಿಲ್ಲಲಿಲ್ಲ ಅಂತ ನನ್ನ ಮೇಲೆ ದೂರು ಬಂದಿತ್ತು. ಪೇಷೆಂಟ್ ಸಿಗರೇಟು ಸೇದುವವರು, ಅಪಾಯ ಜಾಸ್ತಿ ಅಂತ ಹೇಳಿ ಸಹಿ ಹಾಕಿಸಿದ್ದೆ. ಸಮಿತಿ ನನ್ನ ಪರ ಬರೆಯಿತು.

ಗೆದ್ದ ಮೇಲೂ ಒಂದು ಮುಳ್ಳು ಉಳಿಯಿತು. ಕಾರಣ ಏನು ಅಂತ ಪೇಷೆಂಟಿಗೆ ಬರೆದು ಕೊಡಲಿಲ್ಲ. ಎರಡು ಸಾಲಿನ ಪತ್ರ ಹೋಯಿತು. ಅವರು ಇವತ್ತಿಗೂ ‘ಅವರವರೇ ಒಂದಾದರು’ ಅಂತ ಹೇಳಿಕೊಂಡು ಓಡಾಡ್ತಾರೆ, ನಾನು ಉತ್ತರ ಕೊಡೋ ಹಾಗಿಲ್ಲ. ಗೋಪ್ಯತೆ ನಮ್ಮನ್ನು ಕಾಪಾಡುತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಕೇಸಿನಲ್ಲಿ ಅದು ನನ್ನನ್ನೇ ಕಳ್ಳನ ಹಾಗೆ ಕಾಣಿಸಿತು.

ಫೈಲು ಕಟ್ಟುವವಳು

ಮೇಲಿನದಕ್ಕೆ ನೂರಕ್ಕೆ ನೂರು ಒಪ್ಪಿಗೆ. ನಾನು ದಂತವೈದ್ಯೆ ಅಲ್ಲ, ಇಂಥ ಒಂದು ಸಮಿತಿಯ ಕಚೇರಿ ಕೆಲಸ ನೋಡಿಕೊಂಡಿದ್ದವಳು. ದೂರು ತೆಗೆದುಕೊಳ್ಳೋದು, ರೆಕಾರ್ಡ್ ತರಿಸೋದು, ಎಲ್ಲರಿಗೂ ಹೊಂದುವ ದಿನ ಹುಡುಕೋದು. ಪಕ್ಷಪಾತದ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ನನಗೆ ಕಂಡ ದೊಡ್ಡ ತೊಂದರೆ ಬೇರೆ.

ಒಂದೇ ಹೆಸರು ಮತ್ತೆ ಮತ್ತೆ ಬರುತ್ತೆ. ಹೊಸ ದೂರು, ಹೊಸ ಸಮಿತಿ, ಹೊಸ ಮೂವರು. ಹಿಂದಿನದನ್ನು ಅವರಿಗೆ ತೋರಿಸೋ ಹಾಗಿಲ್ಲ, ಪ್ರತಿ ದೂರನ್ನೂ ಅದರ ಮಟ್ಟಿಗೇ ನೋಡಬೇಕು ಅಂತ ನಿಯಮ. ನ್ಯಾಯವಾದ ನಿಯಮವೇ. ಆದರೆ ಪ್ರತಿ ಸಲ ‘ಹಣ ವಾಪಸ್, ತಪ್ಪು ಒಪ್ಪಿಕೊಂಡಿಲ್ಲ, ಪೇಷೆಂಟ್ ಇನ್ನು ಮುಂದೆ ಎಲ್ಲೂ ಮಾತಾಡುವಂತಿಲ್ಲ’ ಅನ್ನೋ ಕಾಗದಕ್ಕೆ ಸಹಿ ಬಿದ್ದು ಫೈಲ್ ಕಟ್ಟಿ ಕಪಾಟಿಗೆ ಹೋಗುತ್ತೆ. ಒಂದೊಂದೂ ಸಣ್ಣ ವಿಷಯ. ಒಟ್ಟಿಗೆ ಇಟ್ಟು ನೋಡಿದರೆ ಸಣ್ಣದಲ್ಲ. ಅದನ್ನು ಒಟ್ಟಿಗೆ ಇಟ್ಟು ನೋಡಿದವಳು ಕಪಾಟಿನ ಕೀಲಿ ಇದ್ದ ನಾನೊಬ್ಬಳೇ. ನನಗೆ ಬಾಯಿ ಬಿಡುವ ಅಧಿಕಾರ ಇರಲಿಲ್ಲ.

ಮುಂದಿನ ಪೇಷೆಂಟಿಗೆ ಇದು ಹೇಗೆ ಗೊತ್ತಾಗಬೇಕು?

ಕಡತದಲ್ಲಿ

@ಫೈಲು ಕಟ್ಟುವವಳು ನೀವು ಮುಟ್ಟಿದ್ದು ಬುಡವನ್ನೇ. ಅಮೆರಿಕದಲ್ಲಿ 1986ರ ಕಾನೂನಿನ ಮೂಲಕ ಒಂದು ರಾಷ್ಟ್ರೀಯ ದತ್ತಾಂಶ ಕೋಶ ಮಾಡಿ, 1990ರಲ್ಲಿ ಶುರು ಮಾಡಿದರು. ಚಿಕಿತ್ಸೆಯ ಲೋಪಕ್ಕೆ ಪರಿಹಾರ ಕೊಟ್ಟದ್ದು, ಲೈಸೆನ್ಸಿನ ಮೇಲಿನ ಕ್ರಮ ಇವೆಲ್ಲ ಅಲ್ಲಿಗೆ ವರದಿ ಆಗಬೇಕು, ವೈದ್ಯರು ಊರು ಬದಲಿಸಿದರೂ ಇತಿಹಾಸ ಹಿಂದೆಯೇ ಬರಲಿ ಅನ್ನುವ ಉದ್ದೇಶ. ದಂತವೈದ್ಯರೂ ಅದರಲ್ಲಿ ಬರುತ್ತಾರೆ. ಆಸ್ಪತ್ರೆ, ಲೈಸೆನ್ಸ್ ಮಂಡಳಿಗಳು ನೋಡಬಹುದು, ಸಾಮಾನ್ಯ ಜನ ಹೆಸರು ಹಾಕಿ ಹುಡುಕುವ ಹಾಗಿಲ್ಲ.

ತಮ್ಮ ಸ್ವಂತ ಜೇಬಿನಿಂದ ಹಣ ಕೊಟ್ಟರೂ ವರದಿ ಮಾಡಬೇಕೇ ಅನ್ನುವ ಜಗಳ ಎದ್ದಿತು. ಕೋರ್ಟಿಗೆ ಹೋದದ್ದು ಯಾರು ಗೊತ್ತೇ? ಅಮೆರಿಕನ್ ಡೆಂಟಲ್ ಅಸೋಸಿಯೇಷನ್. 1993ರಲ್ಲಿ ಅವರು ಗೆದ್ದರು: ವೈದ್ಯರು ವೈಯಕ್ತಿಕವಾಗಿ ಕೊಟ್ಟ ಹಣ ವರದಿಗೆ ಬರುವುದಿಲ್ಲ. ಕಾನೂನಿನ ಪದಗಳನ್ನು ಓದಿದರೆ ತೀರ್ಪು ಸರಿಯಾಗಿಯೇ ಇದೆ. ಪರಿಣಾಮ ಮಾತ್ರ, ವಿಮೆ ಕಂಪನಿ ಕೊಟ್ಟರೆ ದಾಖಲೆ, ತಾನೇ ಕೊಟ್ಟರೆ ಇಲ್ಲ. ಪೀರ್ ರಿವ್ಯೂನಲ್ಲಿ ಮರಳಿಸುವ ಫೀಸು ಯಾವ ಬಗೆಯದು ಅಂತ ನೀವೇ ಹೇಳಿ.

ಕ್ರೌನ್‌ಬ್ರಿಡ್ಜ್

ಅದೇ ಅಸೋಸಿಯೇಷನ್ನಿನ ನೀತಿ ಸಂಹಿತೆಯಲ್ಲಿ ಇರುವುದನ್ನೂ ಹೇಳಬೇಕಲ್ಲ, ವಕೀಲರೇ. ಘೋರವಾದ ಅಥವಾ ಪದೇ ಪದೇ ಆಗುವ ಕೆಟ್ಟ ಚಿಕಿತ್ಸೆ ಕಂಡರೆ ಪರಿಶೀಲನಾ ಸಂಸ್ಥೆಗೆ ತಿಳಿಸುವುದು ದಂತವೈದ್ಯರ ಕರ್ತವ್ಯ ಅಂತ ಇದೆ. ಹಾಗೇ, ಹಿಂದಿನ ವೈದ್ಯರನ್ನು ಹೀಯಾಳಿಸದೆ ಪೇಷೆಂಟಿಗೆ ಬಾಯಿಯ ಈಗಿನ ಸ್ಥಿತಿ ತಿಳಿಸಬೇಕು ಅಂತಲೂ ಇದೆ. ವೃತ್ತಿ ಕಣ್ಣು ಮುಚ್ಚಿ ಕೂತಿಲ್ಲ.

ಹೊಸ ಬೋರ್ಡು

ಸರ್, ಪುಸ್ತಕದಲ್ಲಿ ಇದೆ, ಒಪ್ಪಿದೆ. ನಾನು ಪ್ರಾಕ್ಟೀಸ್ ಶುರು ಮಾಡಿ ಹೆಚ್ಚು ಕಾಲ ಆಗಿಲ್ಲ. ಹಿರಿಯರೊಬ್ಬರ ಪೇಷೆಂಟುಗಳು ನನ್ನ ಹತ್ತಿರ ಬರ್ತಾರೆ. ಕ್ಯಾಪಿನ ಅಡಿ ಹುಳುಕು ಹಾಗೇ ಬಿಟ್ಟಿದ್ದು, ಮೇಲಿನ ದವಡೆಯ ಹಲ್ಲಿನಲ್ಲಿ ಒಂದು ಕೆನಾಲ್ ಮುಟ್ಟದೇ ಬಿಟ್ಟಿದ್ದು, ಒಂದಲ್ಲ ಎರಡಲ್ಲ. ಒಂದು ಕೆನಾಲ್ ತಪ್ಪುವುದು ಯಾರಿಗೂ ಆಗುತ್ತೆ. ಯಾವಾಗ ಅದು ‘ಪದೇ ಪದೇ’ ಆಗುತ್ತೆ? ಯಾರು ಎಣಿಸಬೇಕು? ನಾನು ಬರೆದರೆ ‘ಪೇಷೆಂಟ್ ಎಳೆಯೋಕೆ ಹೀಗೆ ಮಾಡ್ತಿದಾನೆ’ ಅಂತಾರೆ. ಆ ಪ್ಯಾಟ್ರಿಕ್ ಕೇಸಿನಲ್ಲಿ ಕ್ಲಿನಿಕ್ಕಿನವರ ಮೇಲೆ ಬಂದ ಆರೋಪವೂ ಅದೇ ತಾನೇ?

ಪೇಷೆಂಟಿಗೆ ಮಾತ್ರ ಇರೋದನ್ನು ಇದ್ದ ಹಾಗೆ ಹೇಳ್ತೀನಿ: ‘ಇಲ್ಲಿ ಒಂದು ಕೆನಾಲ್ ತುಂಬಿಲ್ಲ, ಎಕ್ಸ್‌ರೇ ಇಲ್ಲಿದೆ, ಯಾಕೆ ಅಂತ ಮೊದಲಿನವರನ್ನೇ ಕೇಳಿ.’ ಅರ್ಧ ಜನ ಕೇಳೋಕೆ ಹೋಗಲ್ಲ.

ನಿವೃತ್ತ ಮೇಷ್ಟ್ರು

@ಹೊಸ ಬೋರ್ಡು ಅಷ್ಟು ಹೇಳಿದರೆ ಸಾಕು ಕಣಪ್ಪ. ‘ಯಾರಿದನ್ನು ಮಾಡಿದ್ದು?’ ಅಂತ ಕನ್ನಡಿ ಹಿಡಿದು ಉದ್ಗಾರ ತೆಗೆಯುವವರಿಂದಲೇ ಎಷ್ಟೋ ದೂರು ಹುಟ್ಟುತ್ತವೆ. ಅವತ್ತು ಆ ಪೇಷೆಂಟ್ ಎಷ್ಟು ಹೊತ್ತು ಬಾಯಿ ತೆರೆಯಲು ಒಪ್ಪಿದರು, ನಾಳ ಎಷ್ಟು ಡೊಂಕಾಗಿತ್ತು, ನಿನಗೆ ಗೊತ್ತಿಲ್ಲ.

ಎಡಗೆನ್ನೆ

ಒಂದು ಪ್ರಶ್ನೆ, ಯಾರಾದರೂ ಉತ್ತರಿಸಿ. ನನ್ನ ರೆಕಾರ್ಡ್ ಪೂರ್ತಿ ಸಮಿತಿಗೆ ಹೋಗಿತ್ತು. ನಾನು ಆತಂಕಕ್ಕೆ ಮಾತ್ರೆ ತಗೊಳ್ತಿದ್ದೆ ಅನ್ನೋದು ಅದರಲ್ಲಿ ಇತ್ತು. ಜೋಮಿನ ಬಗ್ಗೆ ಮಾತಾಡುವಾಗ ಒಬ್ಬರು ಅದನ್ನೇ ಎತ್ತಿದರು. ಹಲ್ಲಿನ ದೂರಿಗೆ ಅದು ಯಾಕೆ ಬೇಕಿತ್ತು?

ಫೈಲು ಕಟ್ಟುವವಳು

ಬೇಕಿರಲಿಲ್ಲ. ರಕ್ತ ತೆಳುವಾಗಿಸುವ ಔಷಧಿ, ಸಕ್ಕರೆ ಕಾಯಿಲೆ ಥರದ್ದು ಕೆಲವೊಮ್ಮೆ ಬೇಕು, ಗಾಯ ಮಾಗುವುದಕ್ಕೆ ಸಂಬಂಧ ಇರುತ್ತೆ. ಉಳಿದದ್ದನ್ನು ತೆಗೆದು ಕಳಿಸಬೇಕು. ಆದರೆ ಅದನ್ನು ಬೇರ್ಪಡಿಸಲು ಸಮಯ ಕೊಡಲ್ಲ, ಇಡೀ ಫೈಲು ನಕಲು ಮಾಡಿ ಹಂಚ್ತಾರೆ. ದೂರು ಕೊಡುವಾಗ ಹಾಕಿಸಿಕೊಳ್ಳುವ ಸಹಿಯಲ್ಲೇ ‘ಎಲ್ಲ ದಾಖಲೆ’ ಅಂತ ಇರುತ್ತೆ, ಯಾರೂ ಓದಲ್ಲ.

ನಿಮ್ಮ ದಾಖಲೆ ಯಾವುದು, ಎಷ್ಟು ಹೋಗುತ್ತೆ ಅಂತ ಮೊದಲೇ ಬರಹದಲ್ಲಿ ಕೇಳಿ. ಸಹಿ ಮಾಡುವ ಮೊದಲು ಇನ್ನೊಂದು: ಸಮಿತಿಗೆ ಹೋದರೆ ಕೋರ್ಟಿನ ಬಾಗಿಲು ಮುಚ್ಚುತ್ತಾ, ಕೇಸ್ ಹಾಕುವ ಕಾಲಮಿತಿ ನಡೆಯುತ್ತಲೇ ಇರುತ್ತಾ ಅಂತ ಕೇಳಿ. ಎಷ್ಟೋ ಜನ ಸಮಿತಿಯ ಉತ್ತರಕ್ಕೆ ಕಾಯುತ್ತಾ ಗಡುವು ಕಳಕೊಂಡಿದ್ದಾರೆ.

ಮೈಕ್ರೋಸ್ಕೋಪು

ಇನ್ನೊಂದು ಬಿಟ್ಟುಹೋಯಿತು. ಸಮಿತಿಗೆ ಕ್ಯಾಪಿನ ದೂರು ಬಂದಿದೆ. ರೆಕಾರ್ಡ್ ನೋಡುವಾಗ ಉಪಕರಣಗಳ ರೋಗಾಣು ಕೊಲ್ಲುವ ಆಟೋಕ್ಲೇವ್ ಕೆಟ್ಟು ಕೂತಿರುವುದೋ, ಕೇಸ್ ಶೀಟನ್ನು ಆಮೇಲೆ ತಿದ್ದಿರುವುದೋ ಕಣ್ಣಿಗೆ ಬಿದ್ದರೆ? ದೂರಿನಲ್ಲಿ ಇಲ್ಲ ಅಂತ ಸುಮ್ಮನಿರೋದಾ? ಬೇರುನಾಳದವರ ಪ್ರಶ್ನೆಯೂ ಮೂಲದಲ್ಲಿ ಇದೇ.

ಕ್ರೌನ್‌ಬ್ರಿಡ್ಜ್

ಸುಮ್ಮನಿರೋ ಹಾಗಿಲ್ಲ. ನಾನು ಎಷ್ಟೇ ಸಮರ್ಥಿಸಿಕೊಂಡರೂ ಇಲ್ಲಿ ನಿಮ್ಮ ಕಡೆ. ಲೈಸೆನ್ಸ್ ಕೊಡುವ ಮಂಡಳಿಗೆ ಹೋಗಬೇಕಾದದ್ದು ಹೋಗಲೇಬೇಕು. ಗೋಪ್ಯತೆ ಇರುವುದು ವೈದ್ಯರು ಮುಕ್ತವಾಗಿ ಮಾತಾಡಲಿ ಅಂತ, ನಾಳಿನ ಪೇಷೆಂಟಿಗೆ ಸೋಂಕು ಹತ್ತಲಿ ಅಂತ ಅಲ್ಲ. ಮುರಿದ ಫೈಲ್ ಹೇಳದೇ ಇದ್ದದ್ದು ಆ ಸಾಲಿಗೆ ಬರುತ್ತಾ ಅನ್ನೋದರಲ್ಲಿ ಮಾತ್ರ ನನಗೆ ಇನ್ನೂ ಅನುಮಾನ ಇದೆ.

ನಿವೃತ್ತ ಮೇಷ್ಟ್ರು

ಅನುಮಾನ ಯಾಕೆ? ಮುರಿಯಿತು, ಉಳಿಯಿತು, ಹೇಳಿ, ಬರೆದಿಡಿ, ಆಗಾಗ ಎಕ್ಸ್‌ರೇ ತೆಗೆದು ಕಾಯಿರಿ. ಹೀಗೇ ತಾನೇ ನಾವೆಲ್ಲ ಕಲಿಸಿದ್ದು? ಹೇಳದಿದ್ದರೆ ಪೇಷೆಂಟ್ ಮರಳಿ ಬಂದು ತೋರಿಸಿಕೊಳ್ಳುವುದೇ ಇಲ್ಲ. ಹಾಗಾದರೆ ಹೇಳುವುದೂ ಚಿಕಿತ್ಸೆಯ ಭಾಗವೇ, ಗುಣಮಟ್ಟದ ವ್ಯಾಪ್ತಿಯೊಳಗೇ ಬರುತ್ತದೆ. ಸಮಿತಿ ತನ್ನದೇ ನಿಯಮವನ್ನು ಸರಿಯಾಗಿ ಓದಿಲ್ಲ, ಅಷ್ಟೇ.

ಕ್ರೌನ್‌ಬ್ರಿಡ್ಜ್

ಈ ದಿಕ್ಕಿನಿಂದ ನಾನು ನೋಡಿರಲಿಲ್ಲ ಸರ್. ಮತ್ತೆ ಬಂದು ತೋರಿಸಿಕೊಳ್ಳುವ ಮಾತು ಗಟ್ಟಿ ಇದೆ.

ಬೇರುನಾಳ

ಎಲ್ಲರಿಗೂ ಧನ್ಯವಾದ. ಅಧ್ಯಕ್ಷರಿಗೆ ಪತ್ರ ಬರೆದೆ, ಬರುತ್ತೇನೆ ಆದರೆ ಹೀಗೆ ಅಂತ. ಕೇಸ್ ಕಳಿಸುವ ಸಂಬಂಧ ಇದ್ದರೆ ಘೋಷಿಸಿ ಹೊರಗೆ ಕೂರಬೇಕು. ದಂತವೈದ್ಯರಲ್ಲದ ಒಬ್ಬರು ಸಮಿತಿಯಲ್ಲಿ ಇರಬೇಕು, ನೋಡುಗರಾಗಿ ಅಲ್ಲ, ಮತ ಹಾಕುವವರಾಗಿ. ಪೇಷೆಂಟಿಗೆ ಏನು ಹೇಳಿದ್ದರು ಅನ್ನುವುದನ್ನು ಪ್ರತಿ ದೂರಿನಲ್ಲೂ ನೋಡಬೇಕು. ತೀರ್ಮಾನದ ಕಾರಣ ಇಬ್ಬರಿಗೂ ಲಿಖಿತವಾಗಿ ಸಿಗಬೇಕು. ಒಂದೇ ಹೆಸರು ಮರಳಿ ಬಂದರೆ ಅದನ್ನು ನೋಡುವ ಹೊಣೆ ಒಬ್ಬರ ಮೇಲೆ ಇರಬೇಕು.

ಫೋನ್ ಮಾಡಿದ್ದರು. ಮೊದಲನೆಯದು ಸರಿ ಅಂದರು. ಲಿಖಿತ ಕಾರಣವೂ ಆಗಬಹುದಂತೆ, ವಕೀಲರನ್ನು ಕೇಳಿದ ಮೇಲೆ. ಪೇಷೆಂಟಿಗೆ ಹೇಳಿದ್ದರ ವಿಷಯವನ್ನು ಮೇಷ್ಟ್ರ ವಾದದ ಸಮೇತ ಸಭೆಯ ಮುಂದೆ ಇಡುತ್ತಾರಂತೆ. ಹೊರಗಿನವರು ಮತ ಹಾಕುವುದಕ್ಕೆ ‘ನೋಡೋಣ’. ಕೊನೆಯದಕ್ಕೆ ಮಾತ್ರ ಚರ್ಚೆಯೇ ಬೇಡ ಅಂದರು, ಸದಸ್ಯರು ಸಂಘ ಬಿಟ್ಟು ಹೋಗುತ್ತಾರಂತೆ.

ಫೈಲು ಕಟ್ಟುವವಳು

ಕೊನೆಯದನ್ನು ಬಿಡಬೇಡಿ. ಹೆಸರು ಬೇಡ ಅಂದರೆ, ಹಿಂದೆ ಎಷ್ಟು ದೂರು ಹಣ ಮರಳಿಸಿ ಮುಗಿದಿವೆ ಅನ್ನುವ ಒಂದು ಅಂಕಿಯನ್ನಾದರೂ, ಈಗಿನ ತೀರ್ಮಾನಕ್ಕೆ ಸಹಿ ಬಿದ್ದ ಮೇಲೆ, ಅಧ್ಯಕ್ಷರು ಲಕೋಟೆ ತೆರೆದು ನೋಡಲಿ ಅಂತ ಕೇಳಿ. ತೀರ್ಮಾನದ ಮೇಲೆ ಪರಿಣಾಮ ಆಗಲ್ಲ, ಮಂಡಳಿಗೆ ಬರೆಯಬೇಕೋ ಬೇಡವೋ ಅನ್ನೋದನ್ನು ಆಗ ಯೋಚಿಸಬಹುದು. ಅದಕ್ಕೂ ಒಲ್ಲೆ ಅಂದರೆ, ಒಲ್ಲೆ ಅಂದದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ಬೇರುನಾಳ

ಲಕೋಟೆಯ ಉಪಾಯ ಚೆನ್ನಾಗಿದೆ. ನಡಾವಳಿಯ ಮಾತು ಇನ್ನೂ ಚೆನ್ನಾಗಿದೆ. ಮುಂದಿನ ಸಭೆಗೆ ವಿಷಯ ಪಟ್ಟಿಯಲ್ಲಿ ಸೇರಿಸಲು ಇವತ್ತೇ ಬರೆಯುತ್ತೇನೆ.